ಹಾಕಿದ್ದಕ್ಕೆ ಬೆಲೆ ಇಲ್ಲ, ಬಿಚ್ಚಿದ ಮೇಲೆ ಬಂತು: ನನ್ನ ಜಿಪ್ಸಿ ಮಾರಿದ ಕಥೆ

ಒಂದು ಶುಕ್ರವಾರ ನನ್ನ ಜಿಪ್ಸಿ, ಮಾರುತಿ ಕಂಪನಿಯ ಹಳೇ ಜೀಪು, ಬೇರೆಯವರ ಮನೆ ಸೇರಿತು. ಮಾರೋಣ ಅಂತ ತೀರ್ಮಾನಿಸಿದ್ದು 2024ರ ಕಡಲೆಕಾಯಿ ಪರಿಷೆ ಮುಗಿದ ವಾರ. ಕೀಲಿ ಕೊಟ್ಟಿದ್ದು 2025ರ ಮೇ ತಿಂಗಳಲ್ಲಿ. ಹೆಚ್ಚು ಕಡಿಮೆ ಐದೂವರೆ ತಿಂಗಳು. ಈ ನಡುವೆ ಪೇಂಟ್ ಶಾಪು, ಗುಜರಿ, ಆರ್‌ಟಿಒ, ಅತ್ತೆ ಮನೆ ಅಟ್ಟ ಎಲ್ಲವನ್ನೂ ಸುತ್ತಿದ್ದಾಯಿತು. ಮಾಡಿಫೈ ಮಾಡಿದ ಹಳೇ ಗಾಡಿ ಮಾರಲು ಹೊರಟವರಿಗೆ ಇದರಿಂದ ಅರ್ಧ ಓಡಾಟವಾದರೂ ಉಳಿಯಲಿ ಅಂತ ಬರೆಯುತ್ತಿದ್ದೇನೆ.

ಗಾಡಿ 2010ರ ಮಾರ್ಚ್‌ನದು. 1.3 ಲೀಟರ್ ಪೆಟ್ರೋಲ್, ಬಿಳಿ ಬಣ್ಣ, ಕ್ಯಾನ್ವಾಸ್ ಟಾಪ್. 2015ರಲ್ಲಿ ಮೊದಲ ಮಾಲೀಕರಿಂದ 2 ಲಕ್ಷ 40 ಸಾವಿರಕ್ಕೆ ತಗೊಂಡೆ. ಆಮೇಲೆ ಶುರುವಾಯಿತು ಹುಚ್ಚು. ಮೊದಲು ಪವರ್ ಸ್ಟೀರಿಂಗ್. ಜಿಪ್ಸಿಗೆ ಅದು ಕಂಪನಿಯಿಂದ ಬರುತ್ತಲೇ ಇರಲಿಲ್ಲ, ಬನಶಂಕರಿಯಿಂದ ಮೆಜೆಸ್ಟಿಕ್‌ಗೆ ಹೋಗಿ ಬಂದರೆ ತೋಳು ಬಿದ್ದುಹೋಗುತ್ತಿತ್ತು. ಆಮೇಲೆ ಗಾಡಿಯನ್ನು ಎರಡು ಇಂಚು ಎತ್ತರಿಸುವ ಲಿಫ್ಟ್ ಕಿಟ್. ಲಿಫ್ಟ್ ಆದ ಮೇಲೆ ಟೈರು ಸಣ್ಣದು ಅನ್ನಿಸಿತು, 31 ಇಂಚಿನ ಮಡ್ ಟೈರು ಬಂತು. ಟೈರು ಬಂದ ಮೇಲೆ ಫೆಂಡರಿಗೆ, ಅಂದರೆ ಚಕ್ರದ ಮೇಲಿನ ತಗಡಿಗೆ, ತಾಗಿತು, ಫೆಂಡರ್ ಕತ್ತರಿಸಿದೆವು. ಮುಂದೆ ಕಬ್ಬಿಣದ ಬಂಪರ್, ಬಂಪರ್ ಇದೆಯಲ್ಲ ಅಂತ ವಿಂಚ್, ಹೂತ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ ಯಂತ್ರ. ಕ್ಯಾನ್ವಾಸ್ ತೆಗೆದು ಫೈಬರ್ ಹಾರ್ಡ್ ಟಾಪ್, ಅದರ ಮೇಲೆ ಕ್ಯಾರಿಯರ್, ಕ್ಯಾರಿಯರ್ ಮೇಲೆ ಲೈಟ್ ಬಾರ್. ಒಂದು ಇನ್ನೊಂದನ್ನು ಕರೆಯುತ್ತಾ ಹೋಗುತ್ತದೆ, ನಂಟರ ಹಾಗೆ. ಕೊನೆಗೆ 2018ರಲ್ಲಿ ಇಡೀ ಗಾಡಿಗೆ ಮಿಲಿಟರಿ ಹಸಿರು ಬಣ್ಣ, ಮ್ಯಾಟ್ ಫಿನಿಶ್. ಹೆಂಡತಿ ಬಿಲ್ಲುಗಳನ್ನೆಲ್ಲ ಬಿಸ್ಕತ್ ಡಬ್ಬದಲ್ಲಿ ಹಾಕಿಟ್ಟಿದ್ದಳು. ಕೂಡಿಸಿದರೆ 3 ಲಕ್ಷ 75 ಸಾವಿರ. ಗಾಡಿ ಕೊಂಡ ಬೆಲೆಗಿಂತ ಜಾಸ್ತಿ!

ಮಾರುವ ಮಾತು ಬಂದಿದ್ದು ಅಪ್ಪನ ಮಂಡಿಯಿಂದ. ಆಪರೇಷನ್ ಆದ ಮೇಲೆ ಅವರಿಗೆ ಈ ಗಾಡಿ ಹತ್ತಲು ಆಗುತ್ತಿರಲಿಲ್ಲ. ಲಿಫ್ಟ್ ಎರಡು ಇಂಚು, ಟೈರಿನಿಂದ ಇನ್ನೆರಡು ಇಂಚಿನ ಮೇಲೆ. ಹಿಂದಿನ ಸೀಟಿನಲ್ಲಿ ಸದಾ ಒಂದು ಪ್ಲಾಸ್ಟಿಕ್ ಸ್ಟೂಲ್ ಇರುತ್ತಿತ್ತು. ಅದರ ಮೇಲೆ ಕಾಲಿಟ್ಟು, ನನ್ನ ಹೆಗಲು ಹಿಡಿದು ಹತ್ತಬೇಕು. ಆಸ್ಪತ್ರೆ ಮುಂದೆ ಒಮ್ಮೆ ಸ್ಟೂಲ್ ಜಾರಿತು. ಅವತ್ತೇ ರಾತ್ರಿ ತೀರ್ಮಾನ ಆಯಿತು. ಅಪಾರ್ಟ್‌ಮೆಂಟಿನಲ್ಲಿ ಇರುವುದು ಒಂದೇ ಪಾರ್ಕಿಂಗ್. ಇದು ಹೋಗದೆ ಇನ್ನೊಂದು ಬರುವ ಹಾಗಿಲ್ಲ.

ನನ್ನ ಲೆಕ್ಕ ಸುಲಭವಾಗಿತ್ತು. ಜಿಪ್ಸಿ ತಯಾರಿಕೆ ನಿಂತು ವರ್ಷಗಳಾಗಿವೆ, ಒಳ್ಳೆಯ ಗಾಡಿಗೆ ಮೂರು ಮೂರೂವರೆ ಲಕ್ಷ ಕೇಳುತ್ತಾರೆ. ನನ್ನದರಲ್ಲಿ ಇಷ್ಟೆಲ್ಲ ಸಾಮಾನು ಇದೆ. ಐದಾದರೂ ಬರಬೇಡವಾ?

ಮೊದಲು ಹಳೇ ಕಾರು ಕೊಳ್ಳುವ ಒಂದು ಆನ್‌ಲೈನ್ ಕಂಪನಿಯವರನ್ನು ಕರೆದೆ. ಟೀಶರ್ಟ್ ಹಾಕಿದ ಹುಡುಗ ಟ್ಯಾಬ್ ಹಿಡಿದು ಬಂದ. ಗಾಡಿ ಸುತ್ತ ಎರಡು ಸುತ್ತು ಬಂದ. ಒಂದು ಸೆಲ್ಫಿ ತೆಗೆದುಕೊಂಡ. "ಸೂಪರ್ ಗಾಡಿ ಸಾರ್" ಅಂದ. ಆಮೇಲೆ "ಆದ್ರೆ ನಮ್ ಸಿಸ್ಟಮ್ ತಗೊಳಲ್ಲ" ಅಂದು ಹೊರಟೇಹೋದ. ಹದಿನೈದು ನಿಮಿಷವೂ ಆಗಿರಲಿಲ್ಲ.

ಮೈಸೂರು ರಸ್ತೆ ಕಡೆಯ ಒಬ್ಬ ಡೀಲರ್ ಹತ್ತಿರ ಓಡಿಸಿಕೊಂಡು ಹೋದೆ. ಅವರು ಬಂಪರ್‌ಗೆ ಬೆರಳಲ್ಲಿ ಟಕ್ ಟಕ್ ಹೊಡೆದು, "ಇದು ತೂಕಕ್ಕೆ ಹೋಗುತ್ತೆ" ಅಂದರು. ಬಗ್ಗಿ ಕೆಳಗೆ ನೋಡಿ, "ಚಾಸಿಗೆ ಯಾಕೆ ವೆಲ್ಡಿಂಗ್ ಮಾಡ್ಸಿದ್ರಿ?" ಅಂತ ಕೇಳಿದರು. ಚಾಸಿ ಅಂದರೆ ಗಾಡಿಯ ತಳದ ಚೌಕಟ್ಟು; ವಿಂಚ್ ಕೂರಿಸಲು ಅದಕ್ಕೆ ಹಾಕಿದ ಬ್ರಾಕೆಟ್ ಅದು. ಕೊಳ್ಳುವವನ ಕಣ್ಣಿಗೆ ವೆಲ್ಡಿಂಗ್ ಅಂದರೆ ಆಕ್ಸಿಡೆಂಟ್, ಇಲ್ಲಾಂದ್ರೆ ತುಕ್ಕು ಮುಚ್ಚಿದ್ದು, ಮೂರನೆಯ ಅರ್ಥವೇ ಇಲ್ಲ. 1 ಲಕ್ಷ 90 ಸಾವಿರ ಅಂದರು. ನಾನು ಸಿಟ್ಟಿನಲ್ಲಿ ಟೀ ಕೂಡ ಕುಡಿಯದೆ ಬಂದೆ. ಆಗ ಗೊತ್ತಿರಲಿಲ್ಲ, ಇದ್ದ ಸ್ಥಿತಿಯಲ್ಲಿ ನನಗೆ ಸಿಗಲಿದ್ದ ಅತಿ ಹೆಚ್ಚಿನ ಬೆಲೆ ಅದೇ ಅಂತ.

ಜಾಹೀರಾತು ಹಾಕಿದೆ. ಫೋನುಗಳಿಗೆ ಕೊರತೆ ಇಲ್ಲ. ಒಬ್ಬ "ಲಾಸ್ಟ್ ಎಷ್ಟು?" ಅಂತ ಮಾತ್ರ ಕೇಳಿ ಇಟ್ಟುಬಿಡುತ್ತಾನೆ. ಇನ್ನೊಬ್ಬನಿಗೆ ವಿಂಚ್ ಮಾತ್ರ ಬೇಕು. ಪ್ರೀ ವೆಡ್ಡಿಂಗ್ ಫೋಟೋಗೆ ಒಂದು ದಿನ ಬಾಡಿಗೆಗೆ ಕೊಡ್ತೀರಾ ಅಂತ ಕೇಳಿದವರು ಮೂವರು. ನಿಜವಾಗಿ ಕೊಳ್ಳುವ ಮನಸ್ಸಿದ್ದವರು ಹೇಳಿದ್ದು ಒಂದೇ ಮಾತು: "ಸ್ಟಾಕ್ ಇದ್ರೆ ಹೇಳಿ." ಅಂದರೆ ಕಂಪನಿಯಿಂದ ಬಂದ ಹಾಗೇ ಇರುವ ಗಾಡಿ. ಆಫ್‌ರೋಡ್ ಹುಚ್ಚಿನವರೂ ಅದನ್ನೇ ಕೇಳುತ್ತಿದ್ದರು, ಅದು ನನಗೆ ಆಶ್ಚರ್ಯ. ಯೋಚಿಸಿದರೆ ಸರಿಯೇ. ಅವರಿಗೂ ನನ್ನ ಹಾಗೇ ತಮ್ಮ ಇಷ್ಟದ ಸಾಮಾನು ಹಾಕುವ ಆಸೆ. ನನ್ನ ರುಚಿಗೆ ಅವರು ಯಾಕೆ ದುಡ್ಡು ಕೊಡಬೇಕು?

ಇನ್ನೊಂದು ವಿಷಯ ನನಗೆ ಹೊಳೆದೇ ಇರಲಿಲ್ಲ. ಒಬ್ಬರು ಕಿಲೋಮೀಟರ್ ಎಷ್ಟು ಅಂದರು, 92 ಸಾವಿರ ಅಂದೆ. "31 ಇಂಚಿನ ಟೈರಲ್ಲಿ ಎಷ್ಟು ಓಡಿಸಿದ್ದೀರಿ?" ಅಂದರು. ಕಂಪನಿ ಟೈರು 205/70 ಆರ್ 15, ಅಂದರೆ ಸುಮಾರು 26 ಇಂಚು. ನನ್ನದು ಅದಕ್ಕಿಂತ ನೂರಕ್ಕೆ 18ರಷ್ಟು ದೊಡ್ಡದು. ಮೀಟರಿನಲ್ಲಿ 60 ಕಂಡರೆ ಗಾಡಿ ಓಡುತ್ತಿರುವುದು 70ರಲ್ಲಿ. ಮೀಟರ್ 10,000 ತೋರಿಸಿದರೆ ನಿಜಕ್ಕೂ ಓಡಿದ್ದು 11,800. ನಾನು ಸುಳ್ಳು ಹೇಳಿರಲಿಲ್ಲ, ಮೀಟರ್ ಹೇಳುತ್ತಿತ್ತು.

ಡಿಸೆಂಬರ್ ಕೊನೆಗೆ ನಮ್ಮ ಹಳೇ ಮೆಕ್ಯಾನಿಕ್ ಹತ್ತಿರ ಹೋದೆ. ವಿಲ್ಸನ್ ಗಾರ್ಡನ್ ಕಡೆಯವರು, ಜಿಪ್ಸಿಯನ್ನು ಕಣ್ಣು ಮುಚ್ಚಿಕೊಂಡು ಬಿಚ್ಚುವವರು. ಅವರು ಕೇಳಿದ್ದು ಎರಡು ಪ್ರಶ್ನೆ. ಆರ್‌ಸಿ ಯಾವಾಗ ಮುಗಿಯುತ್ತೆ? ಹಳೇ ಸಾಮಾನು ಇಟ್ಟಿದ್ದೀರಾ?

ಆರ್‌ಸಿ 2025ರ ಮಾರ್ಚ್‌ಗೆ ಮುಗಿಯುತ್ತಿತ್ತು, ಹದಿನೈದು ವರ್ಷ. ಅದು ಮುಂದುವರಿಯಬೇಕಾದರೆ ಎಫ್‌ಸಿ ಬೇಕು, ಅಂದರೆ ಗಾಡಿ ಓಡಿಸಲು ಯೋಗ್ಯ ಅಂತ ಆರ್‌ಟಿಒ ಕೊಡುವ ಸರ್ಟಿಫಿಕೇಟ್. "ಈ ವೇಷದಲ್ಲಿ ಎಫ್‌ಸಿ ಆಗಲ್ಲ. ಎಫ್‌ಸಿ ಆಗದೆ ಯಾರೂ ತಗೊಳಲ್ಲ. ಬಿಚ್ಚಿ, ಬಿಡಿಬಿಡಿಯಾಗಿ ಮಾರಿ. ಗಾಡಿನ ಗಾಡಿಯಾಗಿ ಮಾರಿ" ಅಂದರು.

ಆ ರಾತ್ರಿ ವಕೀಲನಾಗಿರುವ ಚಿಕ್ಕಪ್ಪನ ಮಗನಿಗೆ ಫೋನ್ ಮಾಡಿದೆ. ಅವನು ಹೇಳಿದ್ದು ಇಷ್ಟು. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕೂ ಆರ್‌ಸಿಗೂ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಕೇರಳದಿಂದ ಬಂದ ಕೇಸಿನಲ್ಲಿ, ಇದನ್ನೇ ಗಟ್ಟಿಯಾಗಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕನಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು ಅಂತ ಸೇರಿಸಿದ್ದಾರೆ. ಮುಂದಿನ ಕಬ್ಬಿಣದ ಗಾರ್ಡ್ ಬೇಡ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ಹೇಳಿತ್ತು. ನಾನು ಬೆರಳು ಎಣಿಸುತ್ತಾ ಕೂತೆ. ಆಮೇಲೆ ಅವನು, "ಅಣ್ಣಾ, ಬಣ್ಣ ಆಲಿವ್ ಗ್ರೀನ್ ಅಲ್ವಾ?" ಅಂದ. ಹೌದು ಅಂದೆ. ಆ ಕಡೆಯಿಂದ ಜೋರಾಗಿ ನಗು. ಕೇಂದ್ರ ಮೋಟಾರು ವಾಹನ ನಿಯಮ 121ರಲ್ಲಿ ನೇರವಾಗಿ ಬರೆದಿದೆ: ರಕ್ಷಣಾ ಇಲಾಖೆಯ ಗಾಡಿ ಬಿಟ್ಟು ಬೇರೆ ಯಾವ ಗಾಡಿಗೂ ಆಲಿವ್ ಗ್ರೀನ್ ಬಣ್ಣ ಹೊಡೆಯುವಂತಿಲ್ಲ. ಬೇರೆ ಬಣ್ಣವಾಗಿದ್ದರೆ ಆರ್‌ಟಿಒದಲ್ಲಿ ಅರ್ಜಿ ಕೊಟ್ಟು ಆರ್‌ಸಿಯಲ್ಲಿ ಬರೆಸಬಹುದಿತ್ತು. ಇದಕ್ಕೆ ಆ ದಾರಿಯೂ ಇಲ್ಲ. ಆರೂವರೆ ವರ್ಷ ಇದೇ ಬಣ್ಣದಲ್ಲಿ ಊರೆಲ್ಲ ತಿರುಗಿದ್ದೇನೆ, ಟ್ರಾಫಿಕ್ ಪೊಲೀಸರೇ ನಿಲ್ಲಿಸಿ ಚೆನ್ನಾಗಿದೆ ಅಂದಿದ್ದಾರೆ!

ಸಂಕ್ರಾಂತಿ ಮುಗಿಸಿ ತುಮಕೂರಿಗೆ ಹೋದೆ, ಅತ್ತೆ ಮನೆ ಅಟ್ಟಕ್ಕೆ. ದಯವಿಟ್ಟು ಇದನ್ನು ಎರಡು ಸಲ ಓದಿ: ಗಾಡಿಯಿಂದ ಬಿಚ್ಚಿದ ಕಂಪನಿ ಸಾಮಾನು ಎಸೆಯಬೇಡಿ, ಮಾರಬೇಡಿ, ಯಾರಿಗೂ ಸುಮ್ನೆ ಕೊಡಬೇಡಿ. ಅಟ್ಟದಲ್ಲಿ ನಾಲ್ಕು ಪಟ್ಟಾ ಸ್ಪ್ರಿಂಗು ಗೋಣಿಚೀಲದಲ್ಲಿ ಗ್ರೀಸ್ ಸಮೇತ ಹಾಗೇ ಇದ್ದವು. ಮುಂದಿನ ಬಂಪರ್ ಇತ್ತು. ಹಿಂದಿನ ಉದ್ದ ಬೆಂಚ್ ಸೀಟುಗಳಿದ್ದವು, ಅವುಗಳ ಮೇಲೆ ಉಪ್ಪಿನಕಾಯಿ ಜಾಡಿ. ಕ್ಯಾನ್ವಾಸ್ ಟಾಪಿನಲ್ಲಿ ಮಾತ್ರ ಇಲಿ ಸಂಸಾರ ಮಾಡಿ, ಮಕ್ಕಳು ಮರಿ ಹುಟ್ಟಿಸಿ, ಮನೆ ಖಾಲಿ ಮಾಡಿ ಹೋಗಿದ್ದವು. ಕಂಪನಿಯ ಐದು ರಿಮ್ ಇರಲಿಲ್ಲ. 2016ರಲ್ಲಿ ಗುಜರಿಗೆ 1,800 ರೂಪಾಯಿಗೆ ಹಾಕಿದ್ದೆ. ಈಗ ಅಂಥದ್ದೇ ಐದು ರಿಮ್ಮಿಗೆ ಶಿವಾಜಿನಗರದ ಗುಜರಿಯಲ್ಲಿ 9,000 ಕೊಟ್ಟೆ. ಅದರಲ್ಲಿ ಒಂದು ನನ್ನ ಗಾಡಿಯ ಹಳೇ ರಿಮ್ಮೇ ಇರಬಹುದೇನೋ ಅಂತ ಬಣ್ಣ ಕೆರೆದು ನೋಡಿದೆ.

ಬಿಚ್ಚುವ ಕೆಲಸ ಮೂರು ದಿನ ಅಂದಿದ್ದರು, ಹನ್ನೊಂದು ದಿನ ಆಯಿತು. ಹಾಕುವಾಗ ಕೊರೆದ ತೂತುಗಳೇ ದೊಡ್ಡ ತಲೆನೋವು. ಸ್ನಾರ್ಕೆಲ್‌ಗೆ, ಅಂದರೆ ಇಂಜಿನ್ನಿಗೆ ಮೇಲಿನಿಂದ ಗಾಳಿ ಎಳೆಯುವ ಕೊಳವೆಗೆ, ಫೆಂಡರಿನಲ್ಲಿ ಅಂಗೈಯಗಲ ತೂತು. ಲೈಟ್ ಬಾರ್‌ನ ವೈರಿಂಗ್‌ಗೆ ಡ್ಯಾಶ್ ಹಿಂದೆ ಎಲ್ಲೆಲ್ಲೋ ತೂತು, ಅದರಿಂದ ನೀರು ಇಳಿದು ಫ್ಲೋರಿಗೆ ತುಕ್ಕು. ಲಿಫ್ಟ್‌ನಿಂದ, ಇಂಜಿನ್ನಿನ ಶಕ್ತಿಯನ್ನು ಚಕ್ರದ ಕಡೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಓರೆಯಾಗಿ ಓಡಿ ಓಡಿ ಅದರ ಜಾಯಿಂಟ್ ಸವೆದಿತ್ತು. ವರ್ಷಗಳಿಂದ ಬರುತ್ತಿದ್ದ ನಡುಕವನ್ನು ನಾನು ಮಡ್ ಟೈರಿನ ಸದ್ದು ಅಂದುಕೊಂಡಿದ್ದೆ. ಬೋಲ್ಟ್ ಹಾಕಿ ಕೂರಿಸಿದ್ದು ವಾಪಸ್ ಬರುತ್ತದೆ, ಕತ್ತರಿಸಿದ್ದು ಬರುವುದಿಲ್ಲ. ಕತ್ತರಿಸಿದ ಫೆಂಡರ್‌ಗೆ ಬದಲಿ ಜೋಡಿಯನ್ನು ಜೆ.ಸಿ. ರಸ್ತೆಯಲ್ಲಿ ಹುಡುಕಿ ತರಬೇಕಾಯಿತು. ನಾಲ್ಕನೇ ಅಂಗಡಿಯಲ್ಲಿ ಸಿಕ್ಕಿತು.

ಖರ್ಚು ಕೇಳುತ್ತೀರಿ ಅಂತ ಗೊತ್ತು. ಬಿಳಿ ಬಣ್ಣ, ಟಿಂಕರಿಂಗ್ (ತಗಡಿನ ಕೆಲಸ) ಸೇರಿ 46,000. ಮ್ಯಾಟ್ ಬಣ್ಣವನ್ನು ಪೂರ್ತಿ ಉಜ್ಜಿ ತೆಗೆಯದೆ ಬಿಳಿ ಕೂರುವುದಿಲ್ಲ, ಅದಕ್ಕೇ ಇಷ್ಟು. ಫೆಂಡರ್ 7,000, ರಿಮ್ 9,000, ಕಂಪನಿ ಅಳತೆಯ ಐದು ಹೊಸ ಟೈರು 24,000. ಸ್ಪ್ರಿಂಗ್ ಬದಲಿಸಿ ಬುಷ್, ಜಾಯಿಂಟ್ ಹಾಕಿದ್ದಕ್ಕೆ 11,000. ವೈರಿಂಗ್ 5,000. ಹೊಸ ಕ್ಯಾನ್ವಾಸ್ ಹೊಲಿಸಿದ್ದು 12,000. ಒಟ್ಟು 1 ಲಕ್ಷ 14 ಸಾವಿರ. ಬನಶಂಕರಿ ದೇವಸ್ಥಾನದ ಮುಂದೆ ಗಾಡಿ ನಿಲ್ಲಿಸಿ, ಮಾರುವ ಗಾಡಿಗೆ ಹೊಸ ಟೈರು ಹಾಕಿದ ಮೂರ್ಖ ನಾನೊಬ್ಬನೇ ಇರಬೇಕು ಅಂದುಕೊಂಡೆ.

ಇದರ ಜೊತೆಗೇ ಬಿಡಿ ಸಾಮಾನಿನ ವ್ಯಾಪಾರ. ಗಾಡಿಯ ಮೇಲೆ ಇದ್ದಾಗ ಕವಡೆ ಬೆಲೆ ಇಲ್ಲದ ವಸ್ತುಗಳು ನೆಲದ ಮೇಲೆ ಇಟ್ಟ ತಕ್ಷಣ ದುಡ್ಡಾದವು. 42,000 ಕೊಟ್ಟಿದ್ದ ವಿಂಚ್ 30,000ಕ್ಕೆ ಹೋಯಿತು, ಅದೂ ಎರಡೇ ದಿನದಲ್ಲಿ. ಟೈರು, ಅಲಾಯ್ ಸೇರಿ 38,000. ಕೊಂಡವರು ಹಾಸನದವರು, ಬಂದವರೇ ಟೈರಿನ ಪಕ್ಕದ ನಾಲ್ಕಂಕಿ ಓದಿದರು. ಮೊದಲೆರಡು ವಾರ, ಕೊನೆಯೆರಡು ವರ್ಷ. 2321 ಅಂದರೆ 2021ರ 23ನೇ ವಾರ ತಯಾರಾಗಿದ್ದು. ಅದನ್ನು ಹಿಡಿದೇ ಎರಡು ಸಾವಿರ ಇಳಿಸಿದರು. ಹಾರ್ಡ್ ಟಾಪ್ 32,000, ಲಿಫ್ಟ್ ಕಿಟ್ 14,000. ಬಂಪರ್, ಕ್ಯಾರಿಯರ್ ಎರಡೂ ಗುಜರಿಗೆ, 4,000. ಡೀಲರ್ ಹೇಳಿದ್ದು ನಿಜವಾಯಿತು. ಅಂತೂ 1 ಲಕ್ಷ 18 ಸಾವಿರ ಕೈಗೆ ಬಂತು, ಬಿಚ್ಚಿದ ಖರ್ಚು ಅದರಲ್ಲೇ ಕಳೆಯಿತು. ಪವರ್ ಸ್ಟೀರಿಂಗ್ ಮಾತ್ರ ಬಿಚ್ಚಲಿಲ್ಲ. ನೋಡಲು ಬಂದ ಪ್ರತಿಯೊಬ್ಬರೂ ಸ್ಟೀರಿಂಗ್ ತಿರುಗಿಸಿ ಮುಖ ಅರಳಿಸಿದ್ದು ಅದೊಂದಕ್ಕೇ.

ಇನ್ನು ಎಫ್‌ಸಿ. ಆರ್‌ಸಿ ಮುಂದುವರಿಸುವ ಫಾರಂ 25ರ ಅರ್ಜಿಯನ್ನು ಅವಧಿ ಮುಗಿಯುವ ಮುಂಚಿನ 60 ದಿನದಲ್ಲಿ ಹಾಕಬಹುದು, ಅದಕ್ಕಿಂತ ಮುಂಚೆ ಆಗುವುದಿಲ್ಲ. ನಾನು ಕಟ್ಟಿದಾಗ, 2025ರಲ್ಲಿ, ಕಾರು ಜೀಪುಗಳಿಗೆ ಶುಲ್ಕ 5,000 ಇತ್ತು. 2022ರ ಏಪ್ರಿಲ್‌ಗೆ ಮೊದಲು ಇದು 600 ಇತ್ತು. ತಡ ಮಾಡಿದರೆ ತಿಂಗಳಿಗೆ 500 ದಂಡ ಬೇರೆ. ಹಸಿರು ತೆರಿಗೆ, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್ ಎಲ್ಲ ಸರಿ ಇರಬೇಕು. ಬಾಕಿ ಟ್ರಾಫಿಕ್ ದಂಡ ಮೊದಲೇ ಕಟ್ಟಿಬಿಡಿ. ನನ್ನದು ಗಾಂಧಿ ಬಜಾರಿನ ಪಾರ್ಕಿಂಗಿನದು ಒಂದು ಬಾಕಿ ಇತ್ತು.

ಆನ್‌ಲೈನ್ ಅರ್ಜಿಯಲ್ಲೇ ಮೊದಲ ಅಡ್ಡಿ. ಒಟಿಪಿ ಬರುತ್ತಲೇ ಇಲ್ಲ. ನೋಡಿದರೆ ದಾಖಲೆಯಲ್ಲಿರುವುದು ನನ್ನ ನಂಬರ್ ಅಲ್ಲ! 2015ರಲ್ಲಿ ಹೆಸರು ಬದಲಿಸಿಕೊಟ್ಟ ಏಜೆಂಟ್ ತನ್ನ ನಂಬರ್ ಕೊಟ್ಟಿದ್ದ. ಆಧಾರ್ ಹೆಸರಿನಲ್ಲಿ ಇನಿಶಿಯಲ್ ಹಿಂದೆ, ಆರ್‌ಸಿಯಲ್ಲಿ ಮುಂದೆ. ನಂಬರ್ ಬದಲಾಗುವ ಹೊತ್ತಿಗೆ ಎರಡು ವಾರ, ನಾಲ್ಕು ಓಡಾಟ. ಮಾರುವ ಯೋಚನೆ ಇಲ್ಲದಿದ್ದರೂ ಇವತ್ತೇ ನಿಮ್ಮ ಗಾಡಿಯ ದಾಖಲೆಯಲ್ಲಿ ಯಾರ ಮೊಬೈಲ್ ಇದೆ ನೋಡಿಕೊಳ್ಳಿ.

ಮಾರ್ಚ್ ಮೊದಲ ವಾರ ಗಾಡಿ ತೋರಿಸಲು ಹೋದೆ. ಬೆಳಿಗ್ಗೆ ಒಂಬತ್ತಕ್ಕೆ ಸಾಲಿನಲ್ಲಿ ನಿಂತವನು ಹನ್ನೆರಡೂವರೆಗೆ ಮುಂದೆ ಬಂದೆ. ಬಿಸಿಲು, ಕ್ಯಾನ್ವಾಸ್ ಟಾಪು, ಎಸಿ ಇಲ್ಲ. ಬ್ರೇಕ್ ಇನ್‌ಸ್ಪೆಕ್ಟರ್ ಬಣ್ಣ ನೋಡಿದರು, ಟಾಪ್ ನೋಡಿದರು, ಸೀಟು ಎಣಿಸಿದರು. ಎಲ್ಲ ಸರಿ. ಚಾಸಿ ನಂಬರಿನ ಪೆನ್ಸಿಲ್ ಅಚ್ಚು ತೆಗೆಯಿರಿ ಅಂದರು. ನಂಬರೇ ಇಲ್ಲ. ತುಕ್ಕು ಹಿಡಿಯಬಾರದು ಅಂತ 2017ರಲ್ಲಿ ಚಾಸಿಗೆಲ್ಲ ಕಪ್ಪು ರಬ್ಬರ್ ಕೋಟಿಂಗ್ ಹೊಡೆಸಿದ್ದೆ. ನಂಬರ್ ಅದರ ಕೆಳಗೆ ಸಮಾಧಿ. "ನಂಬರ್ ಕಾಣದೆ ನಾನೇನು ಮಾಡಲಿ, ಕ್ಲೀನ್ ಮಾಡ್ಕೊಂಡು ಬನ್ನಿ" ಅಂದರು. ಅವರ ತಪ್ಪೇನಿಲ್ಲ.

ಭಾನುವಾರ ಇಡೀ ದಿನ ಥಿನ್ನರ್, ಹಳೇ ಟೂತ್‌ಬ್ರಷ್ ಹಿಡಿದು ಗಾಡಿ ಕೆಳಗೆ ಮಲಗಿದ್ದೆ. ಗ್ರೈಂಡರ್, ಉಪ್ಪುಕಾಗದ ಏನೂ ಬಳಸಬೇಡಿ ಅಂತ ಮೆಕ್ಯಾನಿಕ್ ಎಚ್ಚರಿಸಿದ್ದರು. ಅಂಕಿ ಸವೆದರೆ ತಿದ್ದಿದ ಗಾಡಿ ಅನ್ನಿಸಿಕೊಳ್ಳುತ್ತದೆ. ಸಂಜೆ ಹೊತ್ತಿಗೆ ಮೊದಲ ಅಕ್ಷರ ಕಂಡಾಗ ಮಗಳನ್ನು ಕೂಗಿ ಕರೆದೆ, ಹಳೇ ಶಾಸನ ಸಿಕ್ಕಿತು ಅನ್ನುವ ಹಾಗೆ. ಮುಂದಿನ ವಾರ ಎಫ್‌ಸಿ ಆಯಿತು, ಐದು ವರ್ಷಕ್ಕೆ. ಯುಗಾದಿ ಹಿಂದಿನ ದಿನ ಹೊಸ ಆರ್‌ಸಿ ಕಾರ್ಡ್ ಅಂಚೆಯಲ್ಲಿ ಬಂತು.

ಮತ್ತೆ ಜಾಹೀರಾತು ಹಾಕಿದೆ. ಅದೇ ಗಾಡಿ, ಬಿಳಿ ಬಣ್ಣ, ಕ್ಯಾನ್ವಾಸ್, ಐದು ವರ್ಷದ ಆರ್‌ಸಿ. ಹಳೆಯ ಫೋಟೋಗಳನ್ನು ಮುಚ್ಚಿಡಲಿಲ್ಲ. ಏನೇನು ಹಾಕಿದ್ದೆ, ಏನೇನು ಬಿಚ್ಚಿದೆ, ಚಾಸಿಯಲ್ಲಿ ಎಲ್ಲಿ ವೆಲ್ಡಿಂಗ್ ಇತ್ತು, ಎಲ್ಲ ಬರೆದೆ. ಬಿಲ್ಲಿನ ಡಬ್ಬ ಆಗ ಕೆಲಸಕ್ಕೆ ಬಂತು.

ಏಪ್ರಿಲ್ 6, ರಾಮನವಮಿ ಭಾನುವಾರ ಒಬ್ಬರು ಬಂದರು. ಕೆಲಸ ಬೆಂಗಳೂರಿನಲ್ಲಿ, ಮೂಡಿಗೆರೆ ಹತ್ತಿರ ಸ್ವಲ್ಪ ಕಾಫಿ ತೋಟ. ಜೊತೆಗೆ ಅವರ ಕಡೆಯ ಮೆಕ್ಯಾನಿಕ್. ಅವರು ಟಾರ್ಚ್ ಹಿಡಿದು ಮುಕ್ಕಾಲು ಗಂಟೆ ಗಾಡಿ ಕೆಳಗೇ ಇದ್ದರು. ನಮ್ಮ ಮನೆಯಲ್ಲಿ ಪಾನಕ, ಕೋಸಂಬರಿ ಆಗಿತ್ತು. ಎರಡು ಲೋಟ ಪಾನಕ ಕುಡಿದು, ವೆಲ್ಡಿಂಗ್ ಜಾಗ ಹೇಳಿದಲ್ಲೇ ಇದೆ ಅಂತ ವರದಿ ಕೊಟ್ಟರು. ನಾನು 3.80 ಅಂದಿದ್ದೆ, 3.60ಕ್ಕೆ ಮುಗಿಯಿತು. ಬಿಡಿ ಸಾಮಾನಿನ ದುಡ್ಡು ಸೇರಿಸಿ, ಸರಿಪಡಿಸಿದ ಖರ್ಚು ಕಳೆದರೆ ಕೈಯಲ್ಲಿ ಉಳಿದಿದ್ದು 3 ಲಕ್ಷ 64 ಸಾವಿರ. ಡೀಲರ್ ಹೇಳಿದ್ದು 1.90 ನೆನಪಿದೆಯಲ್ಲ?

ಹೆಸರು ಬದಲಾಗುವವರೆಗೆ ಗಾಡಿ ನನ್ನ ಹತ್ತಿರವೇ ಇರಲಿ ಅಂದೆ, ಅವರೂ ಒಪ್ಪಿದರು. ಇಷ್ಟು ಒಳ್ಳೆಯ ಗಿರಾಕಿ ಎಲ್ಲರಿಗೂ ಸಿಗುವುದಿಲ್ಲ. ಗಾಡಿ ಮೊದಲೇ ಕೊಡಬೇಕಾಗಿ ಬಂದರೆ ತಾರೀಖಿನ ಜೊತೆ ಗಂಟೆಯನ್ನೂ ಬರೆದು ಸಹಿ ಮಾಡಿಸಿದ ಡೆಲಿವರಿ ನೋಟ್ ಇಟ್ಟುಕೊಳ್ಳಿ. ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು ಅಂತ ಕಾಯ್ದೆ ಇದೆ. ಹೆಸರು ಬದಲಿಸಲು ಬೇಕಾಗಿದ್ದು ಇಷ್ಟು: ಫಾರಂ 29 ಎರಡು ಪ್ರತಿ, ಫಾರಂ 30, ಆರ್‌ಸಿ, ಇನ್ಶೂರೆನ್ಸ್, ಎಮಿಷನ್, ಇಬ್ಬರ ಗುರುತು ಮತ್ತು ವಿಳಾಸದ ದಾಖಲೆ. ಈ ಸಲ ಒಟಿಪಿ ನನಗೇ ಬಂತು. ನೋ ಕ್ಲೈಮ್ ಬೋನಸ್, ಅಂದರೆ ಕ್ಲೈಮ್ ಮಾಡದವರಿಗೆ ಇನ್ಶೂರೆನ್ಸ್‌ನಲ್ಲಿ ಸಿಗುವ ರಿಯಾಯಿತಿ, ಗಾಡಿಯ ಜೊತೆ ಹೋಗುವುದಿಲ್ಲ, ಅದು ಮಾಲೀಕನದು. ಇನ್ಶೂರೆನ್ಸ್ ಕಂಪನಿಯಿಂದ ಪತ್ರ ತಗೊಂಡರೆ ಮೂರು ವರ್ಷದೊಳಗೆ ಹೊಸ ಗಾಡಿಗೆ ಬಳಸಬಹುದು. ಫಾಸ್ಟ್ಯಾಗ್ ಕಿತ್ತು ಬಿಸಾಡಿದರೆ ಸಾಲದು, ಬ್ಯಾಂಕಿನಲ್ಲಿ ಮುಚ್ಚಿಸಬೇಕು.

ಮೇ ತಿಂಗಳಲ್ಲಿ ಹೆಸರು ಬದಲಾದ ಮೆಸೇಜ್ ಬಂತು. ಶುಕ್ರವಾರ ಸಂಜೆ ಅವರು ಗಾಡಿ ಒಯ್ಯಲು ಬರುವವರಿದ್ದರು. ತೊಳೆದು ಗೇಟಿನ ಮುಂದೆ ನಿಲ್ಲಿಸಿದ್ದೆ. ಅಪ್ಪ ಕೋಲು ಹಿಡಿದು ಕೆಳಗೆ ಬಂದರು, ಗಾಡಿ ಸುತ್ತ ಒಮ್ಮೆ ಬಂದು ಬಾಗಿಲು ತೆಗೆದರು. ಸ್ಟೂಲ್ ತರಲು ನಾನು ಹೊರಡುವಷ್ಟರಲ್ಲಿ ಒಂದು ಕಾಲು ಒಳಗಿಟ್ಟು, ಹಿಡಿ ಹಿಡಿದು, ತಾವೇ ಹತ್ತಿ ಕೂತುಬಿಟ್ಟರು. ಸ್ವಲ್ಪ ಹೊತ್ತು ಮುಂದಿನ ಗಾಜು ನೋಡುತ್ತಿದ್ದರು.

"ಈಗ ಹತ್ತೋಕೆ ಆಗುತ್ತಲ್ಲೋ," ಅಂದರು. "ಮತ್ಯಾಕೆ ಮಾರಿದೆ?"